ವಸ್ತಾದರ ಹಿತ್ತಾಳೆ ಕೊಡ

ಪೈಲವಾನನ ಬುದ್ಧಿ ಮೊಣಕಾಲಲ್ಲಿ ಎಂಬ ಮಾತು ನಮ್ಮ ಕಡೆ ಹಳೆಯದು. ಅಖಾಡದಲ್ಲಿ ನನ್ನ ಎಡ ಮೊಣಕಾಲು ಮುರಿದ ಮೇಲೆ, ಇದ್ದಷ್ಟು ಬುದ್ಧಿಯೂ ಹೋಯಿತು ಎಂದು ಊರ ಕಟ್ಟೆಯ ಮೇಲೆ ನಗುತ್ತಿದ್ದರು. ಹದಿನಾಲ್ಕು ವರ್ಷ ಕೊಲ್ಹಾಪುರ, ಸಾಂಗಲಿ ಕಡೆ ಕುಸ್ತಿ ಹಿಡಿದೇ ಹೊಟ್ಟೆ ಹೊರೆದವನು ನಾನು. ಅಂಥವನನ್ನು ಚಿಕ್ಕೋಡಿ ಸುತ್ತಲಿನ ರೈತರು ತಾವು ಕಟ್ಟಿದ ಹಾಲಿನ ಕಂಪನಿಗೆ ಅಧ್ಯಕ್ಷನನ್ನಾಗಿ ಮಾಡಿದಾಗ ನಗೆ ಇನ್ನೂ ಜೋರಾಯಿತು. ನಗಲಿ, ನಡೆಸಿಯೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

ನಾನು ಕುರ್ಚಿಯಲ್ಲಿ ಕೂತ ತಿಂಗಳೇ ಒಂದು ಟ್ಯಾಂಕರ್ ಹಾಲು ಹುಳಿಯಾಗಿ ವಾಪಸು ಬಂತು. ಇನ್ನೊಮ್ಮೆ ಹೀಗಾದರೆ ನಿಮ್ಮ ಹಾಲೇ ಬೇಡ ಎಂದರು ಕೊಳ್ಳುವವರು. ಅಂದೇ ನಿಯಮ ಮಾಡಿದೆ: ಸ್ಟೀಲ್ ಕ್ಯಾನಿನಲ್ಲಿ ತಂದ ಹಾಲು ಮಾತ್ರ ತೆಗೆದುಕೊಳ್ಳುವುದು, ಅದನ್ನೂ ಮೊದಲು ಕಾಸಿ ನೋಡುವುದು. ಯಾರದೇ ಇರಲಿ.

ಎಂಟನೆಯ ದಿನ ಹಾಲು ಹಾಕುವವರ ಸಾಲಿನಲ್ಲಿ ನನ್ನ ವಸ್ತಾದರು ನಿಂತಿದ್ದರು, ನನಗೆ ಕುಸ್ತಿ ಕಲಿಸಿದ ಗುರು. ಹೆಗಲ ಮೇಲೆ ಅದೇ ಹಿತ್ತಾಳೆ ಕೊಡ. ತಾಲೀಮು ಮುಗಿದ ಮೇಲೆ ದಿನಾ ಆ ಕೊಡದಿಂದಲೇ ನನಗೆ ಎಮ್ಮೆಯ ಹಾಲು ಬಗ್ಗಿಸುತ್ತಿದ್ದರು. ಈ ಮೈ ಬೆಳೆದದ್ದೇ ಅದರಿಂದ. ನಿಯಮ ಅವರಿಗೂ ಗೊತ್ತಿತ್ತು. ಶಿಷ್ಯ ಹೇಗೂ ತೆಗೆದುಕೊಂಡಾನು ಎಂದುಕೊಂಡಿರಬೇಕು. ಹಾಲು ಕೆಡದಂತೆ ಕಾಯುವ ಕೊಡದ ಒಳಗಿನ ಕಲಾಯಿ ಪೂರಾ ಸವೆದಿತ್ತು. ಕೊಡ ಕಂಡೊಡನೆ ಬೇಡ ಎನ್ನಲು ಮನಸ್ಸಾಗದೆ ಸ್ವಲ್ಪ ಹಾಲು ಕಾಸಿದೆವು. ಒಡೆಯಿತು.

"ಸಾಹೇಬ್ರ, ವಸ್ತಾದರದ ಐತಿ. ಒಂದ ಕೊಡಕ್ಕ ಏನಾಗತೈತ್ರಿ?" ಎಂದು ಹಾಲು ಪರೀಕ್ಷಿಸುವ ಹೆಣ್ಣುಮಗಳು ಪಿಸುಗುಟ್ಟಿದಳು.

ಸಾಲೆಲ್ಲ ನನ್ನ ಮುಖವನ್ನೇ ನೋಡುತ್ತಿತ್ತು. ಇದೊಂದು ಒಳಗೆ ಹೋದರೆ ಇಡೀ ಟ್ಯಾಂಕು ಕೆಡುತ್ತದೆ, ಅದರ ಜೊತೆ ಕಂಪನಿಯೂ.

"ವಸ್ತಾದ್ರ, ಇದು ನಡಿಯೂದಿಲ್ರಿ. ವಾಪಸ್ ಒಯ್ರಿ," ಎಂದೆ.

ಅವರು ಕೊಡ ಹೊತ್ತು ಹೊರಟರು. ನಾನು ಮುಂದಿನ ಕ್ಯಾನಿಗೆ ಕೈ ಹಾಕಿದೆ.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಟ್ಟೆಯ ಮೇಲಿನ ನಗೆ ನಿಂತಿತ್ತು. ಸಾಲಿನಲ್ಲಿ ಸ್ಟೀಲ್ ಕ್ಯಾನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಾನು ಗೆದ್ದಿದ್ದೆ, ಆದರೆ ಅನ್ನ ಸೇರುತ್ತಿರಲಿಲ್ಲ. ಎದುರಾಳಿಯನ್ನು ಕೆಡವಿದವನೇ ಕೈ ಕೊಟ್ಟು ಎಬ್ಬಿಸಬೇಕು ಎಂಬುದು ವಸ್ತಾದರು ಕಲಿಸಿದ ಮೊದಲ ಪಾಠ. ನಾನು ಕೆಡವಿ ಸುಮ್ಮನಿದ್ದುಬಿಟ್ಟಿದ್ದೆ.

ಮೂರನೆಯ ದಿನ ಹೊಸ ಕ್ಯಾನು ಹಿಡಿದು ಅವರ ಮನೆಗೆ ಹೋದೆ. ನೆಲದ ಮೇಲೆ ಕೂತು ಎಮ್ಮೆಗೆ ಕಬ್ಬಿನ ಸೋಗೆ ಕತ್ತರಿಸುತ್ತಿದ್ದರು. ಕಾಲು ಮುಟ್ಟಿ, "ತಪ್ಪಾತ್ರಿ," ಎಂದೆ.

"ಹಾಲು ಕೆಟ್ಟಿತ್ತು, ವಾಪಸ್ ಕಳಸಿದಿ. ಅದರಾಗ ತಪ್ಪೇನೈತಿ?" ಕುಡುಗೋಲು ಕೆಳಗಿಟ್ಟರು. "ಕೆಡವಿದ್ದು ಬರೋಬ್ಬರಿ ಐತಿ. ಕೈ ಕೊಡಾಕ ಮೂರ ದಿನ ಬೇಕಾತೇನ್ಲೇ ನಿನಗ?"

ಕೈ ಚಾಚಿದರು. ಮುರಿದ ಮೊಣಕಾಲನ್ನೇ ಊರಿ, ಎಳೆದು ಎಬ್ಬಿಸಿದೆ. ಇನ್ನೂ ಭಾರವಾಗಿದ್ದರು.

ಮರುದಿನ ಬೆಳಿಗ್ಗೆ ಸಾಲಿನ ಮೊದಲ ಕ್ಯಾನು ಅವರದು. ಎಲ್ಲರ ಹಾಲಿನಂತೆ ಅದನ್ನೂ ಕಾಸಿ ನೋಡಿದೆ.