ಹೆಂಡತಿ ಪಾತ್ರದ ಮಾತು

ನಾಟಕ ಕಂಪನಿಯಲ್ಲಿ ಅವಳನ್ನು ಎಲ್ಲರೂ ಪಿಸುಮಾತಿನಕ್ಕ ಅಂತಲೇ ಕರೆಯುತ್ತಿದ್ದರು. ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಮಾತು ಮರೆತವರಿಗೆ ಮೆಲ್ಲಗೆ ಎತ್ತಿಕೊಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ತರಕಾರಿಯವನ ಹತ್ತಿರವೂ ಅಕ್ಕ ಪಿಸುಗುಟ್ಟಿಯೇ ಚೌಕಾಸಿ ಮಾಡುತ್ತಾಳೆಂದು ತಂಗಿ ಛೇಡಿಸುತ್ತಿದ್ದಳು.

ಆ ತಂಗಿಯೇ ಕಂಪನಿಯ ನಾಯಕಿ. ತಲೆಮಾರುಗಳಿಂದ ಆಡುತ್ತ ಬಂದ ಹಳೆಯ ನಾಟಕದಲ್ಲಿ ಅವಳದು ಹೆಂಡತಿಯ ಪಾತ್ರ. ಗಂಡ ಅನುಮಾನಪಟ್ಟು ತುಂಬು ಬಸುರಿಯನ್ನು ಹೊರಗಟ್ಟುತ್ತಾನೆ. ಹನ್ನೆರಡು ವರ್ಷದ ಮೇಲೆ ಹುಡುಕಿಕೊಂಡು ಬರುತ್ತಾನೆ. ಆಗ ಹೆಂಡತಿ ಅವನ ಕಾಲಿಗೆ ಬಿದ್ದು, ‘ತಪ್ಪೆಲ್ಲ ನನ್ನದೇ’ ಎನ್ನಬೇಕು. ಅಷ್ಟಕ್ಕೇ ಜನ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ತಂಗಿ ಮಾತ್ರ ಆ ಮಾತಿಗೆ ಬಂದಾಗಲೆಲ್ಲ ತಡವರಿಸುತ್ತಿದ್ದಳು.

ಒಂದು ಮಧ್ಯಾಹ್ನ ತಂಗಿ ಬ್ಯಾಗು ಹಿಡಿದು ಅಕ್ಕನ ಮನೆಗೆ ಬಂದಳು. ಜೊತೆಯ ನಟನ ಹೆಸರೆತ್ತಿ ಗಂಡ ಹೊಡೆದಿದ್ದ. ಅಕ್ಕ ಊಟ ಬಡಿಸಿದಳು, ಊದಿದ ಕೆನ್ನೆಗೆ ಮುಲಾಮು ಹಚ್ಚಿದಳು. ಆಮೇಲೆ ತಲೆ ಸವರಿ, “ಒಂದ್ಸಲ ಕ್ಷಮೆ ಕೇಳಿಬಿಡು ಪುಟ್ಟಿ. ಎಲ್ಲಾ ಸರಿಹೋಗುತ್ತೆ,” ಎಂದಳು.

“ಏನು ತಪ್ಪು ಮಾಡಿದೆ ಅಂತ ಕೇಳಲಿ ಅಕ್ಕಾ?”

ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸಂಜೆಗೆ ತಂಗಿಯನ್ನು ಗಂಡನ ಮನೆಯ ಕಡೆಯ ಬಸ್ಸು ಹತ್ತಿಸಿದಳು.

ನಾಲ್ಕನೇ ದಿನ ಆಸ್ಪತ್ರೆಯಿಂದ ಫೋನು ಬಂತು. ಅಕ್ಕ ತಲುಪುವಷ್ಟರಲ್ಲಿ ತಂಗಿಯ ಮುಖ ಮುಚ್ಚಿಬಿಟ್ಟಿದ್ದರು. ಮೆಟ್ಟಿಲಿಂದ ಜಾರಿ ಬಿದ್ದಳು ಅಂದ ಗಂಡ. ಕೇಸು ಅಲ್ಲಿಗೇ ತಣ್ಣಗಾಯಿತು.

ಮೂರು ತಿಂಗಳಿಗೆ ಹೊಸ ಹುಡುಗಿ ಅದೇ ಸೀರೆಯುಟ್ಟು ಅದೇ ಪಾತ್ರಕ್ಕೆ ನಿಂತಳು. ಅಭ್ಯಾಸದಲ್ಲಿ ಆ ಸಾಲು ಬಂದಾಗಲೆಲ್ಲ ಅಕ್ಕನ ಬೆರಳು ಪುಟದ ಮೇಲೆ ಅಲ್ಲೇ ನಿಂತುಬಿಡುತ್ತಿತ್ತು. ಹುಟ್ಟಿದಾಗಿನಿಂದ ಒಂದು ಸಾಲೂ ಪದ್ಯ ಕಟ್ಟಿದವಳಲ್ಲ. ಆ ಪುಟದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದಳು. ಬರೆದು, ಅಳಿಸಿ, ಕೊನೆಗೆ ನಾಲ್ಕು ಸಾಲು ಉಳಿದವು. ಕಂಪನಿಯ ಯಜಮಾನರಿಗೆ ತೋರಿಸಿದಳು. ಅವರು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು.

“ಚೆನ್ನಾಗಿದೆ ತಾಯಿ. ಆದ್ರೆ ಹೆಂಡ್ತಿ ಕಾಲಿಗೆ ಬೀಳದಿದ್ರೆ ನಾಟಕ ಮುಗಿಯೋದು ಹೇಗೆ?”

ಮೊದಲ ಪ್ರದರ್ಶನದ ಕೊನೆಯ ದೃಶ್ಯದಲ್ಲಿ ಹುಡುಗಿಗೆ ಮಾತು ಮರೆತುಹೋಯಿತು. ಅವಳ ಕಣ್ಣು ಪರದೆಯತ್ತ ಹೊರಳಿತು. ಅಕ್ಕ ಪುಟ ತಿರುಗಿಸಿ ಒಂದೊಂದೇ ಸಾಲು ಎತ್ತಿಕೊಟ್ಟಳು. ಹುಡುಗಿ ನಂಬಿ ಹಾಗೇ ಹೇಳುತ್ತ ಹೋದಳು:

ಹನ್ನೆರಡು ವರುಷ ನೀನು ಅನುಮಾನ ಸಾಕಿದೆ,
ನಾನು ಮಗುವನ್ನು ಸಾಕಿದೆ.
ನಿನ್ನ ಕಾಲಿಗೆ ಬೀಳಲಾರೆ,
ನನ್ನ ಕಾಲ ಮೇಲೆ ನಿಂತು ಬಹಳ ದಿನವಾಯಿತು.

ಗಂಡನ ಪಾತ್ರದವನು ತೆರೆದ ಬಾಯಿ ಮುಚ್ಚಲಿಲ್ಲ. ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಹೆಂಗಸು ಎದ್ದು ನಿಂತಳು, ಸುಮ್ಮನೆ. ಯಜಮಾನರು ಅವಸರದಿಂದ ಪರದೆ ಬೀಳಿಸಿದರು.

ಮರುದಿನವೇ ಅಕ್ಕನ ಕೆಲಸ ಹೋಯಿತು. ವಾರದ ಮೇಲೆ ಆ ಹುಡುಗಿ ಮನೆ ಹುಡುಕಿಕೊಂಡು ಬಂದಳು. ತನ್ನಮ್ಮನಿಗೆ ಆ ಪದ್ಯ ಬೇಕಂತೆ. ಅಕ್ಕ ಹೇಳುತ್ತ ಹೋದಳು, ಹುಡುಗಿ ಬರೆದುಕೊಂಡಳು. ಮೂರನೇ ಸಾಲಿಗೆ ಅಕ್ಕ ನಿಲ್ಲಿಸಿದಳು.

“ನಾನೇ ಕಳಿಸಿದೆ ಕಣಮ್ಮಾ,” ಎಂದಳು. “ಹೋಗಲ್ಲ ಅಂತ ನಿಂತವಳನ್ನ ನಾನೇ ಬಸ್ಸು ಹತ್ತಿಸಿದೆ.”

ಹುಡುಗಿ ಪೆನ್ನು ಕೆಳಗಿಟ್ಟು, ಹತ್ತಿರ ಸರಿದು ಕೂತಳು.