ಇಲ್ಲದ ಕಾಗೆ

ನಮ್ಮ ಬೆಂಗಳೂರಿನಲ್ಲಿ ಕಾಗೆಗಳು ಅತ್ಯಧಿಕ ಸಂಖ್ಯೆಯಲ್ಲಿ ಕಾಣಸಿಗುವ ಸ್ಥಳ ಯಾವುದೆಂದು ಯಾರಾದರೂ ಪಕ್ಷಿತಜ್ಞರು ಕೇಳಿದರೆ, ಕೆರೆಯ ದಂಡೆಯನ್ನೋ ಕಸದ ರಾಶಿಯನ್ನೋ ತೋರಿಸದೆ ಅವರನ್ನು ನೇರವಾಗಿ ಯಾವುದಾದರೊಂದು ಮಕ್ಕಳ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತೇನೆ. ಕಿಟಕಿಗೆ ಮಾಸಲು ಗಾಜು, ಗಾಜಿನಾಚೆ ಪಕ್ಕದ ಕಟ್ಟಡದ ಗೋಡೆ, ಇವೆರಡರ ನಡುವೆ ಒಂದು ಗುಬ್ಬಚ್ಚಿಗೂ ರೆಕ್ಕೆ ಬಿಚ್ಚಲು ಜಾಗವಿಲ್ಲದಿದ್ದರೂ ಸಂಜೆ ಆರರಿಂದ ಎಂಟರವರೆಗೆ ಅಲ್ಲಿ ಒಂದಾದ ಮೇಲೊಂದು ಕಾಗೆ ಬಂದು ಹೋಗುತ್ತಲೇ ಇರುತ್ತದೆ. "ಅಲ್ನೋಡು ಪುಟ್ಟ, ಕಾಗೆ" ಎಂದು ದೊಡ್ಡವರೊಬ್ಬರು ಬೆರಳು ಚಾಚುತ್ತಾರೆ. ಮಗು ಕತ್ತು ಹೊರಳಿಸುತ್ತದೆ. ಅಷ್ಟರಲ್ಲಿ ಡಾಕ್ಟರ ಸೂಜಿ ತನ್ನ ಕೆಲಸ ಮುಗಿಸಿರುತ್ತದೆ. ಆಮೇಲೆ ಹೊರಡುವ ಅಳು ಚುಚ್ಚಿದ ನೋವಿನದೋ, ಕಾಣದ ಕಾಗೆಯದೋ ಎಂದು ಯಾರೂ ವಿಚಾರಿಸಿದಂತಿಲ್ಲ.

ಈ ಕಾಕದರ್ಶನ ವಿದ್ಯೆ ನಮ್ಮ ಮನೆಯಲ್ಲಿ ವಂಶಪಾರಂಪರ್ಯವಾಗಿ ಬಂದದ್ದು. ರಾಜಾಜಿನಗರದಲ್ಲಿ ನಾನು ಚಿಕ್ಕವನಾಗಿದ್ದಾಗ ಕಾಂಪೌಂಡರೊಬ್ಬರು ಸ್ಟೀಲಿನ ಡಬ್ಬಿಯಲ್ಲಿ ಸೂಜಿಗಳನ್ನು ಕುದಿಸುತ್ತಿದ್ದರು. ಆ ಕೊತಕೊತ ಸದ್ದು ಕಿವಿಗೆ ಬಿದ್ದೊಡನೆ ನಾನು ಬೆಂಚಿನ ಕೆಳಗೆ ಸೇರುತ್ತಿದ್ದೆ. ನಮ್ಮ ತಂದೆ ಕಾಲು ಹಿಡಿದು ಎಳೆದು, ತೊಡೆಯ ಮೇಲೆ ಬೋರಲು ಮಲಗಿಸಿ ಕಾಗೆ ತೋರಿಸುತ್ತಿದ್ದರು. ಪ್ರತಿಸಲವೂ ನಾನು ನೋಡುತ್ತಿದ್ದೆ, ಪ್ರತಿಸಲವೂ ಕಾಗೆ ಇರುತ್ತಿರಲಿಲ್ಲ, ಆದರೂ ಮುಂದಿನ ಸಲ ಮತ್ತೆ ನೋಡುತ್ತಿದ್ದೆ. ಇಂಥ ಶ್ರದ್ಧಾಳು ಬೆಳೆದು ವಿಜ್ಞಾನದ ಮೇಷ್ಟ್ರಾದದ್ದೇ ಒಂದು ವಿನೋದ. ಪ್ರಮಾಣವಿಲ್ಲದೆ ಏನನ್ನೂ ನಂಬಬೇಡಿ ಎಂದು ಹೈಸ್ಕೂಲಿನ ಮಕ್ಕಳಿಗೆ ವರ್ಷಾನುಗಟ್ಟಲೆ ಬೋಧಿಸಿದ ನಾನು, ಸಂಜೆ ಮನೆಗೆ ಬಂದು ಸ್ವಂತ ಮಗಳಿಗೆ ಅದೇ ಇಲ್ಲದ ಕಾಗೆಯನ್ನು ತೋರಿಸಿದೆ.

ಆ ಮಗಳು ವಿದ್ಯಾ ಈಗ ಮೂಡಲಪಾಳ್ಯದಲ್ಲಿ ಸಂಸಾರ ಹೂಡಿದ್ದಾಳೆ; ಅವಳ ಮಗಳು ಸಿರಿಗೆ ಏಳು ವರ್ಷ. ಹೋದ ವರ್ಷ ಸಿರಿಯ ಎರಡೂ ಮೊಣಕಾಲು ಬಾತುಕೊಂಡು, ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ಮಗು ಗೋಡೆ ಹಿಡಿದು ನಡೆಯತೊಡಗಿತು. ಕೀಲಿನ ಕಾಯಿಲೆ, ತಿಂಗಳಿಗೊಮ್ಮೆ ಡ್ರಿಪ್ಪಿನಲ್ಲಿ ಔಷಧ ಕೊಡಬೇಕು, ಕನಿಷ್ಠ ಒಂದು ವರ್ಷ ತಪ್ಪಿಸಬಾರದು, ತಪ್ಪಿದರೆ ಮಂಡಿ ಸೆಟೆದುಕೊಂಡೀತು ಎಂದರು ಡಾಕ್ಟರು. ತಂದೆತಾಯಿ ಇಬ್ಬರೂ ಆಫೀಸಿಗೆ ಹೋಗುವವರಾದ್ದರಿಂದ, ಮಾರೇನಹಳ್ಳಿಯಲ್ಲಿ ಪೇಪರು ಮಡಚುತ್ತ ಕೂತಿದ್ದ ನಿವೃತ್ತ ತಾತನಿಗೆ ಆಸ್ಪತ್ರೆಯ ಉಸ್ತುವಾರಿ ಪ್ರಾಪ್ತವಾಯಿತು.

ಮೊದಲ ಎರಡು ತಿಂಗಳ ಕಥೆ ಹೇಳಲು ಈಗಲೂ ಮನಸ್ಸು ಬರುವುದಿಲ್ಲ. ಹದಿನೆಂಟು ಕಿಲೋ ತೂಗುವ ಮಗುವನ್ನು ನಾಲ್ಕು ಜನ ಅದುಮಿ ಹಿಡಿದೆವು. ಹೆದರಿಕೆಗೆ ಸೆಟೆದ ಕೈಯಲ್ಲಿ ರಕ್ತನಾಳ ಸಿಗದೆ ಮೂರು ಮೂರು ಸಲ ಚುಚ್ಚಬೇಕಾಯಿತು. ಕಾಲು ಹಿಡಿದುಕೊಂಡಿದ್ದವನು ನಾನು. ಯಾವ ಮಂಡಿ ನೋಯುತ್ತದೆಂದು ಬಂದಿದ್ದೆವೋ ಅದೇ ಮಂಡಿಯನ್ನು ಒತ್ತಿ ಹಿಡಿದಿದ್ದೆ. ಹೀಗೇ ವರ್ಷವಿಡೀ ನಡೆಯುವುದು ಸಾಧ್ಯವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಮೂರನೆಯ ಸಲ ಹೋಗುವ ಮುಂಚೆ ಡ್ರಿಪ್ಪಿನ ಕೋಣೆಯ ಸಿಸ್ಟರ್ ನನ್ನನ್ನು ಕರೆಸಿ, ಹೊಸದಾಗಿ ಬಂದ ವಿ.ಆರ್. ಕನ್ನಡಕವನ್ನು ತೋರಿಸಿದರು. ಕನ್ನಡಕವೆನ್ನುವುದಕ್ಕಿಂತ ಜಟಕಾ ಕುದುರೆಯ ಕಣ್ಣುಪಟ್ಟಿ ಎನ್ನಬೇಕು; ಕಟ್ಟಿಕೊಂಡರೆ ಆಸ್ಪತ್ರೆ ಮಾಯವಾಗಿ ಸುತ್ತಲೂ ಸಮುದ್ರ. ವೈಜ್ಞಾನಿಕ ಪರೀಕ್ಷೆಯ ಹಕ್ಕು ನನ್ನದೆಂಬ ಗತ್ತಿನಿಂದ ಮೊದಲು ನಾನೇ ಕಟ್ಟಿಕೊಂಡೆ. ತಲೆ ತಿರುಗಿಸಿದ ಕಡೆಯೆಲ್ಲ ಮೀನಿನ ಹಿಂಡು, ಕಾಲ ಬಳಿ ಹವಳ, ಎದುರಿನಿಂದ ಒಂದು ಮುದಿ ಆಮೆ ನನ್ನನ್ನೇ ವಿಚಾರಿಸಿಕೊಳ್ಳಲು ಬಂದಂತೆ ಮಂದಗತಿಯಲ್ಲಿ ಈಜಿ ಬಂತು. ಎಪ್ಪತ್ತರ ಗಾಂಭೀರ್ಯವನ್ನೆಲ್ಲ ಮರೆತು ಎರಡೂ ಕೈಯಲ್ಲಿ ಅದನ್ನು ಹಿಡಿದೇಬಿಟ್ಟೆ. "ಸಾರ್, ಅದು ಡ್ರಿಪ್ ಸ್ಟ್ಯಾಂಡು, ಬಿಡಿ" ಎಂಬ ಅಶರೀರವಾಣಿ ಕೇಳಿಸಿತು.

ಕನ್ನಡಕ ಬಿಚ್ಚುವಾಗ ಸಿಸ್ಟರ್ ಒಂದು ನಿಯಮ ಹೇಳಿದರು. "ಮಗೂಗೆ ಮೊದ್ಲೇ ಎಲ್ಲಾ ಹೇಳ್ಬಿಡ್ಬೇಕು ಸಾರ್. ಚುಚ್ತೀವಿ ಅಂತ ಗೊತ್ತಿರ್ಬೇಕು. ಆಮೇಲೇನೇ ಕನ್ನಡಕ." ನಾನು ತಲೆಯಾಡಿಸಿದೆ. ಆದರೆ ಒಳಗೊಳಗೇ ಈ ಹುಡುಗಿಯ ಅನುಭವಹೀನತೆಗೆ ಮರುಕಪಟ್ಟೆ. ಇಡೀ ಸಮುದ್ರವೇ ಕೈಯಲ್ಲಿರುವಾಗ ಸೂಜಿಯ ಸುದ್ದಿ ಎತ್ತಿ ಮಗುವನ್ನು ಹೆದರಿಸುವುದು ಯಾವ ಜಾಣತನ? ಮೂರು ತಲೆಮಾರಿನ ಕಾಗೆಯ ಎದುರಿಗೆ ಇದು ಎಂಥ ಭವ್ಯ ಕಾಗೆ.

ಆ ದಿನ ಆಟೋದಲ್ಲಿ ನಾನು ಸಿರಿಗೆ, "ಇವತ್ತು ಚುಚ್ಚೋದೇ ಇಲ್ಲ ಕಣೇ, ಬರೀ ಮೀನು ನೋಡೋದು" ಎಂದೆ. ಬಾಗಿಲಲ್ಲಿ ಸಿಸ್ಟರ್, "ಹೇಳಿದೀರಾ ಸಾರ್?" ಎಂದು ಕೇಳಿದಾಗ, ಹಾಜರಿ ಪುಸ್ತಕಕ್ಕೆ ಸಹಿ ಹಾಕುವಷ್ಟು ಸಲೀಸಾಗಿ, "ಎಲ್ಲಾ ಹೇಳಿದೀನಿ" ಎಂದೆ. ಕನ್ನಡಕ ಏರಿತು. ಸಿರಿ ಆಮೆಯನ್ನು ಮಾತಾಡಿಸಿದಳು, ನಕ್ಕಳು. ಚರ್ಮಕ್ಕೆ ಮರಗಟ್ಟಿಸುವ ಮುಲಾಮು ಮೊದಲೇ ಹಚ್ಚಿದ್ದರಿಂದ ಸೂಜಿ ಒಂದೇ ಸಲಕ್ಕೆ ಕೂತಿತು. ಒಬ್ಬರೂ ಅವಳನ್ನು ಹಿಡಿದುಕೊಳ್ಳಲಿಲ್ಲ. ನಾನು ಆ ಯಂತ್ರವನ್ನು ನಾನೇ ಕಂಡುಹಿಡಿದವನಂತೆ ಗೋಡೆಗೆ ಒರಗಿ ನಿಂತಿದ್ದೆ.

ಆಮೇಲೆ ಕನ್ನಡಕ ತೆಗೆದರು. ಸಿರಿ ತನ್ನ ಎಡಗೈ ನೋಡಿಕೊಂಡಳು. ಟೇಪು, ಟೇಪಿನ ಕೆಳಗೆ ಸೂಜಿ, ಸೂಜಿಯಿಂದ ಮೇಲಕ್ಕೆ ಹೋದ ನಳಿಕೆ. ಅತ್ತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಅವಳು ಅಳಲಿಲ್ಲ. "ತಾತ, ನೀನು ಇಲ್ಲ ಅಂದಿದ್ದೆ" ಎಂದಳು, ಅಷ್ಟೇ. ಸಿಸ್ಟರ್ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಅಂದಿನಿಂದ ಸಿರಿ ನನ್ನೆದುರು ಕಣ್ಣು ಮುಚ್ಚುವುದನ್ನು ಬಿಟ್ಟಳು. ಕಣ್ಣಾಮುಚ್ಚಾಲೆಗೆ ಕರೆದರೆ ತಾನು ಬಚ್ಚಿಟ್ಟುಕೊಳ್ಳುವುದಕ್ಕೆ ಮಾತ್ರ ಸಿದ್ಧ. ನಾನು ಜೇನುತುಪ್ಪ ಕೊಟ್ಟರೆ ಚಮಚವನ್ನು ಅತ್ತಿತ್ತ ತಿರುಗಿಸಿ, ಮೂಸಿ, ಅಮ್ಮನ ಕೈಗೆ ದಾಟಿಸುವಳು. ಒಂದು ಭಾನುವಾರ ಬೆಳಿಗ್ಗೆ ಜ್ಞಾನಭಾರತಿಯ ಮರಗಳ ದಾರಿಯಲ್ಲಿ ಅವಳ ಮಂಡಿಗೆ ಅಭ್ಯಾಸವಾಗಲೆಂದು ನಿಧಾನವಾಗಿ ನಡೆಯುತ್ತಿದ್ದೆವು. ಬಿದಿರ ಮೆಳೆಯ ಪಕ್ಕದಿಂದ ನಿಜವಾದ ನವಿಲೊಂದು ಉದ್ದ ಬಾಲ ಎಳೆಯುತ್ತ ರಸ್ತೆಗೇ ಬಂತು. "ಸಿರಿ, ಅಲ್ನೋಡು ನವಿಲು" ಎಂದೆ. ಅವಳು ತಟ್ಟನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ, ಒಂದು ಹೆಜ್ಜೆ ಹಿಂದೆ ಸರಿದು, ನವಿಲನ್ನು ಬಿಟ್ಟು ನನ್ನನ್ನೇ ನೋಡುತ್ತ ನಿಂತಳು. ನವಿಲು ರಸ್ತೆ ದಾಟಿ ಹೋಯಿತು.

ಓದುಗ ಮಿತ್ರರೇ, ನನಗೆ ಆ ದಿನ ಬಹಳ ನಾಚಿಕೆಯಾಯಿತು. ರಾತ್ರಿ ಊಟಕ್ಕೆ ಕೂತಾಗ ವಿದ್ಯಾಳಿಗೆ ಎಲ್ಲ ಹೇಳಿಕೊಂಡೆ. ಅವಳು ಬೈಯಲಿಲ್ಲ; ಸಾರು ಬಡಿಸುತ್ತ, "ನಂಗೂ ತೋರಿಸ್ತಿದ್ರಲ್ಲಪ್ಪ ಕಾಗೆ. ನಾನು ನೋಡ್ದಂಗೆ ಮಾಡ್ತಿದ್ದೆ, ನೀವು ಬೇಜಾರು ಮಾಡ್ಕೋತೀರಾ ಅಂತ" ಎಂದಳು. ಮಕ್ಕಳನ್ನು ಮರುಳು ಮಾಡುವ ಕಲೆಯಲ್ಲಿ ನನ್ನ ಒಂದೇ ಒಂದು ಯಶಸ್ಸೂ ಹೀಗೆ ಕೈಬಿಟ್ಟು ಹೋಯಿತು.

ಮರೆಸುವುದು ಬೇರೆ, ಮರೆಮಾಚುವುದು ಬೇರೆ ಎಂಬ ಸಣ್ಣ ವಿಚಾರ ನನ್ನ ತಲೆಗೆ ಹೊಳೆಯಲು ಇಷ್ಟೆಲ್ಲ ಬೇಕಾಯಿತು. ಸಮುದ್ರ ಸುಳ್ಳಲ್ಲ, ಆಮೆಯೂ ಸುಳ್ಳಲ್ಲ; ಅವು ಆಟ, ಆಟವೆಂದು ಮಗುವಿಗೆ ಚೆನ್ನಾಗಿ ಗೊತ್ತು. ಸೂಜಿ ಇದೆಯೆಂದು ತಿಳಿದೂ ಆಮೆಯ ಕಡೆಗೆ ಮುಖ ತಿರುಗಿಸುವುದು ಮಗುವಿನ ಸ್ವಂತ ಧೈರ್ಯ. ಅದನ್ನು ನಾನು ಕಸಿದುಕೊಂಡು, ಬದಲಿಗೆ ನನ್ನ ಜಾಣತನವನ್ನು ಇಟ್ಟಿದ್ದೆ. ಸಿಸ್ಟರ್ ಹೇಳಿದ ನಿಯಮದಲ್ಲಿ ಇದೆಲ್ಲ ಆಗಲೇ ಇತ್ತು. ಮೇಷ್ಟ್ರಾದವನಿಗೆ ಒಂದೇ ಸಲಕ್ಕೆ ಪಾಠ ಅರ್ಥವಾಗುವ ವಾಡಿಕೆಯಿಲ್ಲ.

ನಾಲ್ಕನೆಯ ತಿಂಗಳು ಆಟೋ ಹತ್ತುವ ಮುಂಚೆ ಗೇಟಿನ ಬಳಿಯ ಜಗುಲಿಯ ಮೇಲೆ ಅವಳನ್ನು ಕೂರಿಸಿಕೊಂಡು, "ಹೋದ್ಸಲ ನಾನು ಸುಳ್ಳು ಹೇಳ್ದೆ. ತಪ್ಪಾಯ್ತು. ಇವತ್ತು ಚುಚ್ತಾರೆ" ಎಂದೆ.

"ನೋವಾಗತ್ತಾ?"

"ಆಗತ್ತೆ. ಮುಲಾಮು ಹಚ್ಚಿದ್ರೆ ಸ್ವಲ್ಪ ಕಮ್ಮಿ."

ಆಟೋದವರು ಹಾರನ್ ಒತ್ತಿದರೂ ಸಿರಿ ಅವಸರ ಮಾಡಲಿಲ್ಲ. ಕೊನೆಗೆ, "ಕನ್ನಡಕದೊಳಗೆ ಇದ್ರೆ ನಂಗೆ ಕಾಣಲ್ಲ. ಚುಚ್ಚೋವಾಗ ನೀನು ಹೇಳ್ಬೇಕು" ಎಂದು ಷರತ್ತು ಹಾಕಿದಳು. ಆಗಲಿ ಎಂದೆ.

ಡ್ರಿಪ್ಪಿನ ಕೋಣೆಯಲ್ಲಿ ಸಿಸ್ಟರಿಗೂ ಷರತ್ತನ್ನು ತಿಳಿಸಿದೆ. ಕನ್ನಡಕ ಏರಿತು. ನಾನು ಅವಳ ಬಲಗೈ ಹಿಡಿದು ಕೂತೆ. ಸಿಸ್ಟರ್ ಸೂಜಿ ತೆಗೆದು ಹುಬ್ಬೇರಿಸಿ ನನಗೆ ಸನ್ನೆ ಮಾಡಿದರು. "ಅಲ್ನೋಡು" ಎಂಬ ಹಳೆಯ ಮಾತು ನಾಲಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡೆ. ನೋವು ಬರುತ್ತದೆಂದು ಮಗುವಿಗೆ ಹೇಳುವುದು ಎಷ್ಟು ಕಷ್ಟವೆಂದು ಅರಿವಾಗಿ, ಅರವತ್ತು ವರ್ಷದ ಹಿಂದಿನ ನನ್ನ ತಂದೆಯ ಮೇಲೆ ಕನಿಕರವಾಯಿತು.

"ಸಿರಿ, ಈಗ" ಎಂದೆ.

ನನ್ನ ಬೆರಳುಗಳನ್ನು ಅವಳು ಬಿಗಿಯಾಗಿ ಹಿಡಿದಳು. "ಹ್ಞೂಂ" ಎಂದಳು. ಕಣ್ಣುಪಟ್ಟಿಯ ಅಂಚಿನಿಂದ ಒಂದು ಹನಿ ಕೆನ್ನೆಗಿಳಿಯಿತು. ಎಡಗೈ ಮಾತ್ರ ಸಿಸ್ಟರ್ ಇಟ್ಟಲ್ಲಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ, "ಆಮೆ ಹಿಂದೆ ತಿರುಗ್ತು ತಾತ" ಎಂದು ವರದಿ ಕೊಟ್ಟಳು.

ಕನ್ನಡಕದ ಕೆಲಸ ಹತ್ತು ನಿಮಿಷದ್ದು, ಡ್ರಿಪ್ಪಿನದು ಎರಡು ಗಂಟೆಯದು. ಅವಳನ್ನು ಕಿಟಕಿಯ ಪಕ್ಕದ ಮಂಚಕ್ಕೆ ಕಳಿಸಿದರು. ಅದು ಮೂರನೆಯ ಮಹಡಿ, ಗಾಜು ಮಾಸಿರಲಿಲ್ಲ, ಎದುರು ತಾರಸಿಯ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ಒಂದು ಪಕ್ಷಿ. ಬೆಂಗಳೂರಿನಲ್ಲಿ ಗಿಳಿಯಿದೆ, ಪಾರಿವಾಳವಿದೆ, ಹದ್ದು ಧಾರಾಳವಾಗಿದೆ. ಆದರೆ ಅಂದು ನನ್ನ ಪಾಲಿಗೆ ಬಂದು ಕೂತದ್ದು ಅದೇ. ಬೆರಳು ಅರ್ಧ ಎತ್ತಿ ಅನುಮಾನಿಸಿದೆ. ಆಮೇಲೆ ಹೇಳಿಯೇಬಿಟ್ಟೆ.

"ಸಿರಿ, ಅಲ್ನೋಡು, ಕಾಗೆ."

ಅವಳ ಒಂದು ಕೈ ಟೇಪಿನಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿತ್ತು. ಅದನ್ನು ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ಮುಖವನ್ನು ಒಮ್ಮೆಯೂ ಪರೀಕ್ಷಿಸದೆ ಕಿಟಕಿಯ ಕಡೆಗೆ ತಿರುಗಿದಳು.

"ಒಂದಲ್ಲ ತಾತ, ಎರಡಿವೆ" ಎಂದಳು.

ನಾನು ನನ್ನ ಕನ್ನಡಕ ಒರೆಸಿಕೊಂಡು ನೋಡಿದೆ. ಟ್ಯಾಂಕಿನ ಹಿಂದಿನಿಂದ ಇನ್ನೊಂದು ಇಣುಕುತ್ತಿತ್ತು. ನನಗೆ ಒಂದೇ ಕಂಡಿತ್ತು.