ತಾಮ್ರದ ರಾಣಿಯ ಕೋವಿ

ಟ್ವೈಲಾ ಓಬರ್ಗ್ ಬಸ್ ಓಡಿಸುವ ಕೆಲಸ ಬಿಟ್ಟ ವರ್ಷ ಅವಳ ಅಡುಗೆಮನೆಯ ಗೋಡೆ ಮೂರು ಬಣ್ಣ ಕಂಡಿತು. ಹಳದಿ ಬಳಿದಳು, ಮನಸ್ಸು ಒಪ್ಪಲಿಲ್ಲ. ಹಸಿರು ಬಳಿದಳು, ಅದನ್ನೂ ಅಳಿಸಿ ನೀಲಿ ಬಳಿದಳು. ಆಮೇಲೆ ಹಿತ್ತಲಿನ ಕೋಳಿಗೂಡನ್ನು ಕಿತ್ತು ಬೇಲಿಯ ಆಚೆ ಕಟ್ಟಿದಳು. ಕೋಳಿಗಳು ಮೊಟ್ಟೆಯಿಡುವುದನ್ನೇ ನಿಲ್ಲಿಸಿದವು. ಗಂಡ ರಾಯ್ಸ್ ತನ್ನ ಟೈರ್ ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, "ಇವತ್ತು ಮನೆ ಇದೇ ಜಾಗದಲ್ಲಿದೆ ತಾನೆ?" ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದ.

ಅವಳು ವಿಲ್‌ಕಾಕ್ಸ್ ಎಂಬ ಸಣ್ಣ ಊರಿನ ಶಾಲಾ ಬಸ್ಸನ್ನು ಅರ್ಧ ಆಯುಷ್ಯ ಓಡಿಸಿದವಳು. ಊರಂಚಿನ ಒಣಕೆರೆಯ ಧೂಳು ಎದ್ದು ಹೆದ್ದಾರಿಯೇ ಕಾಣದಂತಾದ ದಿನಗಳಲ್ಲೂ ಒಂದು ಮಗುವಿಗೂ ಗಾಯವಾಗದಂತೆ ಮನೆ ಮುಟ್ಟಿಸಿದ್ದಳು. ಆದರೆ ಮಕ್ಕಳು ಕಂಡದ್ದು ಅವಳ ಹೆಕ್ಕತ್ತನ್ನು ಮಾತ್ರ. ಬೆಳೆದು ಮೀಸೆ ಬಂದ ಹುಡುಗರು ಪೇಟೆಯಲ್ಲಿ ಎದುರಾದರೆ ಸುಮ್ಮನೆ ಹಾದುಹೋಗುತ್ತಿದ್ದರು. ಅವಳು ಬೆನ್ನು ತಿರುಗಿಸಿದ ಮೇಲೆ, "ಅರೆ, ಮಿಸೆಸ್ ಓಬರ್ಗ್!" ಎಂದು ಕೂಗುತ್ತಿದ್ದರು. ಟ್ವೈಲಾ ಇದನ್ನು ನಗುನಗುತ್ತಲೇ ಹೇಳುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ಮಾತ್ರ ನಗು ಹೆಚ್ಚು ಹೊತ್ತು ಉಳಿಯುತ್ತಿರಲಿಲ್ಲ.

ಅವಳನ್ನು ಕೌಬಾಯ್ ಆಟಕ್ಕೆ ಕರೆತಂದವಳು ಗೆಳತಿ ಇಮೆಲ್ಡಾ ಕಿರೋಸ್. ದನದ ವೈದ್ಯರ ಬಳಿ ಸಹಾಯಕಿಯಾಗಿದ್ದ ಇಮೆಲ್ಡಾ ಗಟ್ಟಿ ಕೈಯವಳು, ಗಟ್ಟಿ ಗಂಟಲಿನವಳು. ಊರಾಚೆಯ ಗುಡ್ಡದ ಮಗ್ಗುಲಿಗೆ ಹಲಗೆಯಿಂದ ಸುಳ್ಳು ಪೇಟೆಯೊಂದನ್ನು ಕಟ್ಟಿದ್ದರು. ಸುಳ್ಳು ಬ್ಯಾಂಕು, ಸುಳ್ಳು ಹೆಂಡದಂಗಡಿ, ಸುಳ್ಳು ಸೆರೆಮನೆ. ತಿಂಗಳಿಗೊಂದು ಶನಿವಾರ ಅಲ್ಲಿ ನಿವೃತ್ತ ಮೇಷ್ಟ್ರು, ನಲ್ಲಿ ರಿಪೇರಿಯವರು, ದಂತವೈದ್ಯರು ಎಲ್ಲ ನೂರಿಪ್ಪತ್ತು ವರ್ಷ ಹಿಂದಿನ ವೇಷ ತೊಟ್ಟು ಸೇರುತ್ತಿದ್ದರು. ಒಬ್ಬೊಬ್ಬರಿಗೂ ಒಂದು ಕಳ್ಳ ಹೆಸರು, ಹೆಸರಿಗೊಂದು ಕಥೆ. ಗಡಿಯಾರ ಹಿಡಿದು ಲೆಕ್ಕ ಹಾಕುವಾಗ ಆದಷ್ಟು ಬೇಗ ಕಬ್ಬಿಣದ ಗುರಿಗಳಿಗೆ ನಿಜವಾದ ಗುಂಡು ಹೊಡೆಯಬೇಕು: ಎರಡು ಪಿಸ್ತೂಲು, ಒಂದು ರೈಫಲ್, ಒಂದು ಚರೆಕೋವಿ. ಎಲ್ಲವೂ ಆ ಕಾಲದ ಮಾದರಿಯವೇ ಆಗಿರಬೇಕು.

ಟ್ವೈಲಾ ಮೊದಲು ಕರಿಬಟ್ಟೆಯ ವಿಧವೆಯಾದಳು. ಆ ಬಟ್ಟೆಯಲ್ಲಿ ಅವಳು ಕನ್ನಡಿಯ ಮುಂದೆ ನಿಂತಿದ್ದಾಗ ರಾಯ್ಸ್, "ಏನೇ, ಈಗಿಂದ್ಲೇ ಅಭ್ಯಾಸ ಮಾಡ್ಕೋತಿದೀಯಾ? ನಂಗೆ ಇನ್ನೂ ಒಂದ್ ಕೆಮ್ಮೂ ಬಂದಿಲ್ವಲ್ಲೇ" ಎಂದ. ಆ ವೇಷ ಅಲ್ಲಿಗೇ ಸತ್ತಿತು. ಆಮೇಲೆ ಜೂಜುಗಾತಿಯಾದಳು. ಎರಡು ಶನಿವಾರದಲ್ಲೇ ಅದೂ ಬೇಸರವಾಯಿತು.

"ಸಾರೋಟು ಹೊಡೆಯೋಳಾಗು ಕಣೇ," ಎಂದಳು ಇಮೆಲ್ಡಾ, ಬಾಣಲೆಯಲ್ಲಿ ಹಸಿ ಮೆಣಸಿನಕಾಯಿ ಸುಡುತ್ತಾ. "ಇಡೀ ಜೀವನ ಅದನ್ನೇ ಮಾಡಿದೀಯ. ಒಂದ್ ಚಾವಟಿ, ಒಂದ್ ಮೋಟು ಕೋವಿ. ಮುಗೀತು."

"ಅಯ್ಯೋ, ಸಾಕಾಗಿದೆ ಮಾರಾಯ್ತಿ! ಸಂಬಳಕ್ಕೆ ಡ್ರೈವರ್ ಆಗಿದ್ದು ಸಾಲ್ದು ಅಂತ ಆಟದಲ್ಲೂ ಡ್ರೈವರ್ ಆಗ್ಲಾ? ನಾನೊಮ್ಮೆ ಹಿಂದಿನ ಸೀಟಲ್ಲಿ ಕೂತು ಬರ್ತೀನಿ, ಬೇರೆ ಯಾರಾದ್ರೂ ಓಡಿಸ್ಲಿ."

ಹಾಗೆ ಹುಟ್ಟಿದವಳು ತಾಮ್ರದ ರಾಣಿ. ತಾಮ್ರದ ಗಣಿಗಳ ಊರಾದ ಬಿಸ್ಬಿಯ ಕಡೆ ಖಾನಾವಳಿ ನಡೆಸುತ್ತಿದ್ದವಳು, ಒಂದು ರಾತ್ರಿಯ ಇಸ್ಪೀಟಾಟದಲ್ಲಿ ಗಣಿಯೊಂದನ್ನೇ ಗೆದ್ದವಳು. ಟ್ವೈಲಾ ಕೆಂಪು ಮಖಮಲ್ಲಿನ ಲಂಗ ಹೊಲಿಸಿದಳು, ನವಿಲುಗರಿಯ ಟೋಪಿ ಮಾಡಿಸಿದಳು. ಆದರೆ ಇಮೆಲ್ಡಾಳಿಂದ ಎರವಲು ತಂದ ಚರೆಕೋವಿ ಕಪ್ಪಗೆ, ಬೋಳಾಗಿ, ಒಲೆಯ ಊದುಗೊಳವೆಯ ಹಾಗಿತ್ತು. ರಾಣಿಯ ಕೈಯಲ್ಲಿ ಊದುಗೊಳವೆಯೇ? ಅಲ್ಲಿಂದ ಅವಳ ಅಲೆದಾಟ ಶುರುವಾಯಿತು.

ಟೂಸಾನ್‌ನ ಬಂದೂಕು ಸಂತೆಗೆ ಹೋದಳು, ಲಾಸ್ ಕ್ರೂಸಸ್‌ಗೆ ಹೋದಳು. ಒಂದು ಕಡೆ ಇಟಲಿಯ ಜೋಡುನಳಿಗೆ ಕಂಡಿತು. ಮೈತುಂಬ ಕೆತ್ತನೆ, ಹಾರುತ್ತಿರುವ ಬಾತುಗಳು. ಕೈಗೆತ್ತಿಕೊಂಡರೆ ಕೂಸಿನ ಹಾಗೆ ಮಡಿಲಿಗೆ ಬರುತ್ತಿತ್ತು. ತೋಟಾ ಬದಲಿಸಲು ಮಡಚಿ ಬಾಯಿ ತೆರೆದರೆ ಖಾಲಿ ತೋಟಾಗಳನ್ನು ತಾನೇ ಹೊರಕ್ಕೆ ಚಿಮ್ಮಿಸುತ್ತಿತ್ತು, ಅದೇ ತೊಂದರೆ. ಆಟದ ನಿಯಮದಲ್ಲಿ ಅದು ನಿಷಿದ್ಧ. ತೋಟಾವನ್ನು ಕೈಯಲ್ಲೇ ಕೀಳಬೇಕು. ಇನ್ನೊಂದು ಕಡೆ ತೋಟಾ ಸಿಡಿಸುವ ಸುತ್ತಿಗೆಗಳು ನಾಯಿತಲೆಯಂತಿದ್ದ ಕೋವಿ ಕಂಡಿತು. ಚೆಲುವೇನೋ ಚೆಲುವೇ, ಆದರೆ ಗಣಿಯ ಒಡತಿಗಿಂತ ಪಾದ್ರಿಗೇ ಹೆಚ್ಚು ಒಪ್ಪುತ್ತದೆ ಎನ್ನಿಸಿತು. ಮನೆಗೆ ಬಂದರೆ ಬಿಟ್ಟುಬಂದದ್ದೇ ಚೆನ್ನಾಗಿತ್ತು ಎನ್ನಿಸುತ್ತಿತ್ತು. ಹಿಂದಿರುಗಿ ಹೋದರೆ ಅದು ಬಿಕರಿಯಾಗಿರುತ್ತಿತ್ತು.

ಕೊನೆಗೆ ಸ್ಯಾಫರ್ಡ್‌ನ ಹಾರ್ಲನ್ ವಿಕ್ ಎಂಬ ಮುದುಕನ ಅಂಗಡಿಯಲ್ಲಿ ಅದು ಸಿಕ್ಕಿತು. ಬೆಳ್ಳಿಬಣ್ಣದ ಪಕ್ಕೆ, ಅದರ ಮೇಲೆ ದ್ರಾಕ್ಷಿಬಳ್ಳಿ, ಬಳ್ಳಿಯ ನಡುವೆ ಚಿನ್ನದ ನೀರಿನಲ್ಲಿ ಬಿಡಿಸಿದ ಹೆಣ್ಣೊಬ್ಬಳ ಮುಖ. ಕೆಳಗೆ ದೊಡ್ಡದೊಂದು ಲೀವರ್. ಅದನ್ನು ಮುಂದಕ್ಕೆ ತಳ್ಳಿದರೆ ಕೋವಿ ಬಾಯಿ ತೆರೆಯುತ್ತದೆ, ಹಿಂದಕ್ಕೆಳೆದರೆ ಗಪ್ಪೆಂದು ಮುಚ್ಚುತ್ತದೆ. ಆ ಸದ್ದಿಗೇ ಅಂಗಡಿಯ ಮೂಲೆಯಲ್ಲಿದ್ದವರೂ ತಿರುಗಿ ನೋಡಿದರು. ಟ್ವೈಲಾ ಅದನ್ನು ಗಮನಿಸಿದಳು.

"ಬೇಡಮ್ಮಾ," ಎಂದ ಹಾರ್ಲನ್. "ಇದು ದೊಡ್ಡ ಕೈಯೋರ ಕೋವಿ. ನಿನ್ನ ಬೆರಳು ನೋಡು, ಹೊಲಿಗೆ ಹಾಕೋ ಬೆರಳು. ಲೀವರ್ ಅರ್ಧಕ್ಕೇ ಸಿಕ್ಕಾಕ್ಕೊಳತ್ತೆ."

"ಈ ಬೆರಳು ಹನ್ನೆರಡು ಟನ್ನಿನ ಬಸ್ ತಿರುಗಿಸಿದಾವೆ ಹಾರ್ಲನ್. ಸುಮ್ನೆ ಕಾಗದ ಸುತ್ತಿ ಕೊಡು."

ಮನೆಗೆ ಬಂದವಳು ದಿನವಿಡೀ ಹಜಾರದ ಕನ್ನಡಿಯ ಮುಂದೆ ಖಾಲಿ ಕೋವಿ ಹಿಡಿದು ನಿಲ್ಲತೊಡಗಿದಳು. ಗುರಿ ಹೊಡೆಯುವುದಕ್ಕಿಂತ ಕೋವಿ ಬೀಸುವುದನ್ನೇ ಹೆಚ್ಚು ಕಲಿತಳು. ಭುಜದಿಂದ ಇಳಿಸಿ, ಸೊಂಟದ ಸುತ್ತ ಅರ್ಧಚಂದ್ರ ಬರೆದು, ಮತ್ತೆ ಭುಜಕ್ಕೆ. ಲಂಗವೂ ಜೊತೆಗೇ ತಿರುಗುತ್ತಿತ್ತು. ಇಮೆಲ್ಡಾ ಒಮ್ಮೆ ನೋಡಿ ಹುಬ್ಬು ಗಂಟಿಕ್ಕಿದಳು. "ಇಲ್ಲಿ ಬೇಕಾದ್ರೆ ಕುಣಿ. ಅಲ್ಲಿ ಕೋವಿ ಮೂತಿ ಗುಡ್ಡದ ಕಡೆಗೇ ಇರ್ಬೇಕು. ತಿಳೀತಾ?"

"ತಿಳೀತು ಟೀಚರಮ್ಮಾ."

ಅಕ್ಟೋಬರಿನ ವಾರ್ಷಿಕ ಸ್ಪರ್ಧೆಗೆ ಮೂರು ಜಿಲ್ಲೆಯವರು ಬಂದಿದ್ದರು. ಬಂಡೆಗಳ ಪಕ್ಕದಲ್ಲಿ ಬೆಂಚು ಹಾಕಿ ಜನ ಕೂತಿದ್ದರು. ರಾಯ್ಸ್ ಕೂಡ ಅಂಗಡಿ ಮುಚ್ಚಿ ಬಂದು ಬೇಯಿಸಿದ ಬೀನ್ಸ್ ಕಾಳಿನ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಟ್ವೈಲಾಳ ಸರದಿ ಬಂದಾಗ ಗಡಿಯಾರ ಹಿಡಿದು ತೀರ್ಪುಗಾರ್ತಿಯಾಗಿ ಹಿಂದೆ ನಿಂತವಳು ಇಮೆಲ್ಡಾ. ಪಿಸ್ತೂಲು, ರೈಫಲ್ ಎರಡೂ ಸರಾಗವಾಗಿ ಆದವು. ಟ್ವೈಲಾ ಮೇಜಿನಿಂದ ಬೆಳ್ಳಿ ಕೋವಿ ಎತ್ತಿ ಎರಡು ತೋಟಾ ತುಂಬಿದಳು, ಸುಳ್ಳು ಹೆಂಡದಂಗಡಿಯ ಮೊದಲ ಕಿಟಕಿಯಿಂದ ಒಂದು ಹೊಡೆದಳು. ಗುರಿ ಬಿತ್ತು. ಜನ ಹೋ ಎಂದರು. ಲೀವರ್ ತೆರೆದುಕೊಂಡು ಎರಡನೇ ಕಿಟಕಿಗೆ ಹೋಗಬೇಕಿತ್ತು. ಆ ಕೂಗು ಕಿವಿಗೆ ಬಿದ್ದದ್ದೇ ತಡ, ಕನ್ನಡಿಯ ಮುಂದಿನ ಟ್ವೈಲಾ ಎದ್ದುಬಂದಳು. ಕೋವಿ ಅರ್ಧಚಂದ್ರ ಬರೆಯಿತು. ನಳಿಗೆ ಗುಡ್ಡ ಬಿಟ್ಟು, ಹೆಂಡದಂಗಡಿಯ ಹಲಗೆ ಬಿಟ್ಟು, ಬೆಂಚುಗಳ ಮೇಲೆ ಸರಿದುಹೋಯಿತು.

"ನಿಲ್ಲು!" ಇಮೆಲ್ಡಾಳ ಕೈ ನಳಿಗೆಯನ್ನು ಗಟ್ಟಿಯಾಗಿ ಹಿಡಿದು ಗುಡ್ಡದ ಕಡೆ ತಿರುಗಿಸಿತು. ಬಟ್ಟಲುಗಳ ಸದ್ದು ನಿಂತಿತು. ಇಮೆಲ್ಡಾ ತೋಟಾ ತೆಗೆದು ಜೇಬಿಗೆ ಹಾಕಿಕೊಂಡಳು. "ನಿಂದು ಮುಗೀತು ಟ್ವೈಲಾ. ಇಡೀ ಸ್ಪರ್ಧೆಯಿಂದ ಹೊರಗೆ. ಸಾಮಾನು ಕಟ್ಕೋ."

"ಲೀವರ್ ತೆಗ್ದಿತ್ತು ಕಣೇ! ಬಾಯಿ ತೆಗ್ದಿರೋ ಕೋವಿ ಹೇಗೆ ಹಾರತ್ತೆ?"

"ಮುಚ್ಚಿತ್ತು."

"ತೆಗ್ದಿತ್ತು!"

"ಮುಚ್ಚಿತ್ತು. ಹೋಗು, ಬೇರೆಯವರು ಕಾಯ್ತಿದಾರೆ."

ನವಿಲುಗರಿಯ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಟ್ವೈಲಾ ಜನರ ನಡುವೆ ಪಿಕಪ್ಪಿನವರೆಗೆ ನಡೆದಳು. ಅವತ್ತು ಎಲ್ಲರೂ ಅವಳ ಮುಖವನ್ನೇ ನೋಡಿದರು.

ಆ ಚಳಿಗಾಲ ಅವಳು ಇಮೆಲ್ಡಾಳ ಬೀದಿಗೆ ಕಾಲಿಡಲಿಲ್ಲ. ಕೋಳಿಗೂಡು ಮತ್ತೆ ಬೇಲಿಯ ಒಳಗೆ ಬಂತು. ತುಸು ನೀರು ನಿಂತ ಒಣಕೆರೆಗೆ ಕೊಕ್ಕರೆಗಳ ಹಿಂಡು ಇಳಿಯುವುದನ್ನು ನೋಡಲು ಹೋಗಿ, ಅವು ಇಳಿಯುವ ಮೊದಲೇ ಎದ್ದು ಬಂದಳು. ಒಂದು ದಿನ ಕೋವಿಯನ್ನು ಮಾರುತ್ತೇನೆಂದು ಸ್ಯಾಫರ್ಡ್‌ಗೆ ಹೊರಟವಳು ಅರ್ಧ ದಾರಿಯಿಂದ ವಾಪಸ್ಸಾದಳು; ಮರುವಾರ ಮತ್ತೆ ಹೊರಟು ಮತ್ತೆ ವಾಪಸ್ಸಾದಳು. ಬಾಯಲ್ಲಿ ಮಾತ್ರ ಒಂದೇ ಮಾತು. ರೊಟ್ಟಿ ಲಟ್ಟಿಸುತ್ತಾ, ಬಟ್ಟೆ ಮಡಿಸುತ್ತಾ, "ಅವಳಿಗೆ ಹೊಟ್ಟೆಕಿಚ್ಚು. ಆ ಬೋಳು ಕೋವಿ ಹಿಡ್ಕೊಂಡು ಯಾರೂ ತಿರುಗಿ ನೋಡಲ್ಲ ಅಂತ ಸಂಕ್ಟ. ಲೀವರ್ ತೆಗ್ದೇ ಇತ್ತು, ನಂಗೆ ಗೊತ್ತಿಲ್ವಾ?" ಎನ್ನುತ್ತಿದ್ದಳು.

ರಾಯ್ಸ್ ಕೇಳಿಸಿಕೊಳ್ಳುತ್ತಿದ್ದ. ಒಂದು ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ ಅವಳು ಅದನ್ನೇ ಮತ್ತೆ ಆರಂಭಿಸಿದಾಗ, ಅವನು ಬಿಸ್ಕತ್ತಿಗೆ ಸವರುತ್ತಿದ್ದ ಬೆಣ್ಣೆಯ ಚಾಕುವನ್ನು ಕೆಳಗಿಟ್ಟ.

"ಮುಚ್ಚಿತ್ತು ಟ್ವೈಲಾ."

"ಏನು?"

"ಲೀವರ್. ಮುಚ್ಚಿತ್ತು. ನಾನು ಎದುರಿಗೇ ಕೂತಿದ್ನಲ್ಲ. ಮೊದ್ಲು ನಳಿಗೆಯ ತೂತು ಕಾಣಿಸ್ತು, ದುಂಡಗೆ. ಆಮೇಲೆ ಲೀವರ್ ಕಾಣಿಸ್ತು. ನಿನ್ನ ಬೆರಳೂ ಕಾಣಿಸ್ತು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂದ್ಕೊಂಡಿದ್ದೆ." ಅವನ ದನಿ ಸಣ್ಣಗಾಯಿತು. "ಬೀನ್ಸ್ ಗಂಟಲಲ್ಲೇ ನಿಂತುಬಿಡ್ತು ಕಣೇ. ಇವತ್ತಿಗೂ ಬೀನ್ಸ್ ಅಂದ್ರೆ ಆಗ್ತಿಲ್ಲ ನಂಗೆ."

ಟ್ವೈಲಾಳಿಗೆ ಆಗಲೇ ಹೊಳೆಯಿತು: ಅಕ್ಟೋಬರಿನಿಂದ ಅವನು ಬೀನ್ಸನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದ, ತಾನು ಅದನ್ನು ಹಲ್ಲುನೋವು ಎಂದುಕೊಂಡಿದ್ದಳು. ಎಷ್ಟೋ ತಾಯಂದಿರು ತನ್ನ ಕೈಯನ್ನು ನೆಚ್ಚಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿದ್ದರು. ಆ ಕೈಯೇ ಗಂಡನ ಎದೆಯ ಮೇಲೆ ಕೋವಿ ಹಾಯಿಸಿತ್ತು. ಅವಳು ಎದ್ದು ಅವನ ಹಿಂದೆ ನಿಂತು, ನೆರೆತ ತಲೆಯ ಮೇಲೆ ಗಲ್ಲವೂರಿದಳು. ಅತ್ತಳೋ ಇಲ್ಲವೋ ಅವನಿಗೂ ಕಾಣಲಿಲ್ಲ.

ತಟ್ಟೆ ತೊಳೆಯದೆಯೇ ಇಮೆಲ್ಡಾಳ ಮನೆಗೆ ಹೋದಳು. ಇಮೆಲ್ಡಾ ಅಂಗಳದಲ್ಲಿ ಮೇಕೆಯೊಂದರ ಗೊರಸು ಕತ್ತರಿಸುತ್ತಿದ್ದಳು.

"ಮುಚ್ಚಿತ್ತು," ಎಂದಳು ಟ್ವೈಲಾ ಗೇಟಿನಾಚೆಯಿಂದಲೇ.

"ಗೊತ್ತು. ಈ ಕಾಲು ಹಿಡ್ಕೋ, ಒದೀತಿದೆ."

ಟ್ವೈಲಾ ಒಳಗೆ ಬಂದು ಮೇಕೆಯ ಕಾಲು ಹಿಡಿದಳು. ಎರಡು ಗೊರಸು ಮುಗಿದವು. ಆಮೇಲೆ ಇಮೆಲ್ಡಾ, "ಅವತ್ತು ಮನೆಗೆ ಹೋಗಿ ನಾನು ವಾಂತಿ ಮಾಡ್ಕೊಂಡೆ, ಗೊತ್ತಾ? ರಾಯ್ಸ್ ಮುಖವೇ ಕಣ್ಮುಂದೆ ಬರ್ತಿತ್ತು. ನೀನು ನೋಡಿದ್ರೆ ಊರೆಲ್ಲಾ ಹೊಟ್ಟೆಕಿಚ್ಚು ಅಂತ ಸಾರ್ಕೊಂಡು ಬಂದೆ" ಎಂದಳು.

"ಅದನ್ನೂ ಹೇಳಿದ್ರಾ ನಿಂಗೆ?"

"ಇದು ವಿಲ್‌ಕಾಕ್ಸ್ ಕಣಮ್ಮಾ. ನೀನು ಸೀನೋಕ್ ಮುಂಚೆ ನಂಗೆ ನೆಗಡಿ ಸುದ್ದಿ ಬರತ್ತೆ."

"ತಪ್ಪಾಯ್ತು ಇಮೆಲ್ಡಾ. ಕೋವಿ ಮಾರ್ಬಿಡ್ತೀನಿ."

"ಕೋವಿ ಏನ್ ಮಾಡ್ತು ಪಾಪ? ನಾಳೆ ತಗೊಂಡ್ ಬಾ. ತೋಟಾ ಬೇಡ, ಕೋವಿ ಒಂದೇ."

ಮರುದಿನದಿಂದ ಮೇಕೆಗಳ ಅಂಗಳವೇ ಗರಡಿಮನೆಯಾಯಿತು. ಇಮೆಲ್ಡಾ ಬೇಲಿಗೊಂದು ಕೆಂಪು ಟವೆಲ್ ಕಟ್ಟಿದಳು. ಟ್ವೈಲಾ ಎಲ್ಲಿಗೆ ನಡೆದರೂ ನಳಿಗೆ ಆ ಟವೆಲ್ ಬಿಟ್ಟು ಕದಲಬಾರದು. ನಡೆಯುವಾಗ ಲೀವರ್ ತೆಗೆದೇ ಇರಬೇಕು. ಕದಲಿದರೆ ಇಮೆಲ್ಡಾ ಪಾತ್ರೆಯ ಮೇಲೆ ಸೌಟು ಬಡಿಯುತ್ತಿದ್ದಳು, ಮೇಕೆಗಳು ಚದುರಿ ಓಡುತ್ತಿದ್ದವು. ಹಾರ್ಲನ್ ಹೇಳಿದ್ದು ನಿಜವೇ ಆಗಿತ್ತು: ಲೀವರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಬೆರಳ ಗೆಣ್ಣು ಸುಲಿಯುತ್ತಿತ್ತು. ಟ್ವೈಲಾ ಬಟ್ಟೆ ಸುತ್ತಿಕೊಂಡು ಮತ್ತೆ ಎಳೆಯುತ್ತಿದ್ದಳು. "ಹೋಗ್ಲಿ, ಬೇರೆ ಕೋವಿ ತಗೋತೀನಿ" ಎಂದು ದಿನಕ್ಕೊಮ್ಮೆ ಅನ್ನುತ್ತಿದ್ದಳು.

"ತಗೋ. ಅದು ಬಂದ್ಮೇಲೆ ಇನ್ನೊಂದು ತಗೋ. ಮೊದ್ಲು ಇದರ ಬಾಯಿ ತೆಗೆಯೋದು ಕಲಿ."

"ಹಾಗಾದ್ರೆ ಚೂರೂ ಬೀಸೋ ಹಾಗಿಲ್ವಾ?"

"ನಿನ್ನ ಲಂಗ ಬೀಸು. ಯಾರು ಬೇಡ ಅಂದ್ರು?"

ವಸಂತದ ಪಂದ್ಯಕ್ಕೆ ಅವಳನ್ನು ಮತ್ತೆ ಸೇರಿಸಿಕೊಂಡರು. ರಾಯ್ಸ್ ಬರುತ್ತಾನೋ ಇಲ್ಲವೋ ಅವಳು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಆದರೆ ಅವನು ಬಂದ. ಬಂದು ಬೆಂಚಿನ ಮೇಲೇ ಕುಳಿತ. ಅಂಚಿಗೆ ಕುಳಿತ, ಕೈಯಲ್ಲಿ ಬಟ್ಟಲಿರಲಿಲ್ಲ. ಟ್ವೈಲಾ ಮೊದಲ ಕಿಟಕಿಯಲ್ಲಿ ಎರಡು ಗುರಿ ಬೀಳಿಸಿ, ಲೀವರ್ ತೆರೆದು, ನಳಿಗೆಯನ್ನು ಗುಡ್ಡಕ್ಕೆ ನೆಟ್ಟು, ಏಡಿಯ ಹಾಗೆ ಅಡ್ಡಡ್ಡ ನಡೆದಳು. ಎರಡನೇ ಕಿಟಕಿಯಲ್ಲಿ ತೋಟಾ ಒಂದು ಕೆಳಗೆ ಬಿತ್ತು. ಅದನ್ನು ಬಿಟ್ಟು ಸೊಂಟಪಟ್ಟಿಯಿಂದ ಬೇರೊಂದು ತೆಗೆದು ತುಂಬಿದಳು. ಕೊನೆಯ ಗುರಿ ತೂಗಾಡಿ ತೂಗಾಡಿ ಬಿತ್ತು. ಖಾಲಿ ಕೋವಿಯನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಲಂಗ ಹಿಡಿದು ಬೆಂಚುಗಳ ಕಡೆ ಗಿರ್ರನೆ ಒಂದು ಸುತ್ತು ತಿರುಗಿದಳು. ಜನ ನಕ್ಕು ಚಪ್ಪಾಳೆ ತಟ್ಟಿದರು. ರಾಯ್ಸ್ ಮೊದಲು ಉಸಿರು ಬಿಟ್ಟ, ಆಮೇಲೆ ಚಪ್ಪಾಳೆ ತಟ್ಟಿದ.

ಗಡಿಯಾರದ ಲೆಕ್ಕದಲ್ಲಿ ಅವಳ ಹಿಂದೆ ಉಳಿದವನು ಒಬ್ಬನೇ, ಅವನಿಗೂ ಮೊಣಕಾಲು ನೋವಿತ್ತು. ವೇಷದ ಬಹುಮಾನ ಭುಜದ ಮೇಲೆ ಹುಲ್ಲು ತುಂಬಿದ ಗಿಣಿ ಇಟ್ಟುಕೊಂಡು ಬಂದಿದ್ದ ಟೂಸಾನ್‌ನ ದಂತವೈದ್ಯನಿಗೆ ಹೋಯಿತು.

"ಗಿಣಿಗೆ ಕೊಟ್ರು ಕಣೇ, ಅವನಿಗಲ್ಲ," ಎಂದಳು ಇಮೆಲ್ಡಾ, ಪೀಚ್ ಹಣ್ಣಿನ ಸಿಹಿಯನ್ನು ಬಟ್ಟಲಿಗೆ ಹಾಕುತ್ತಾ.

ವಾಪಸ್ಸು ಬರುವಾಗ ಪಿಕಪ್ ಓಡಿಸಿದವನು ರಾಯ್ಸ್. ಟ್ವೈಲಾ ಪಕ್ಕದಲ್ಲಿ ಕುಳಿತು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಿದ್ದಳು. ಹೆದ್ದಾರಿ ಸೇರಿದ ಮೇಲೆ ಕಿಟಕಿಯ ಕಡೆ ತಿರುಗಿ, "ಆ ದಂತವೈದ್ಯನ ಕೋವಿ ನೋಡಿದ್ಯಾ?" ಎಂದಳು.

ರಾಯ್ಸ್ ರೇಡಿಯೋ ಸದ್ದು ಹೆಚ್ಚಿಸಿದ.